ಕಾರಿಗೆ ದೇವಿ ಬಂದದ್ದು

ಹೊಸ ಕಾರು ಸವಣೂರಿನ ನಮ್ಮ ಮನೆಯ ಮುಂದೆ ಬಂದು ನಿಂತ ದಿನ ಆರತಿ ತಟ್ಟೆ ಹಿಡಿದವಳು ನನ್ನ ಅಕ್ಕ. ಅವ್ವ ಬಾನೆಟ್ಟಿನ ಮೇಲೆ ವಿಭೂತಿಯ ಮೂರು ಪಟ್ಟಿ ಎಳೆದು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಅಜ್ಜಿಗೆ ಆಗಲೇ ಕಣ್ಣು ಮಬ್ಬಾಗಿತ್ತು. ಏನನ್ನಾದರೂ ಕೈಯಿಂದಲೇ ನೋಡುವುದು ಅವಳ ರೂಢಿ. ಹೊಸ ಸೀರೆಯನ್ನೂ ಮೊಮ್ಮಕ್ಕಳನ್ನೂ ಹಾಗೆಯೇ ನೋಡುತ್ತಿದ್ದಳು. ಕೈ ಹಿಡಿದು ಕರೆತಂದು ಕಾರಿನ ಪಕ್ಕ ನಿಲ್ಲಿಸಿದೆವು. ಬಾಗಿಲ ಮೇಲೆ ಅಂಗೈ ಆಡಿಸಿದಳು. ತಡೆದು ನಿಂತು, ಮತ್ತೆ ಬೆರಳ ತುದಿಗಳಿಂದ ಆಡಿಸಿದಳು. ಆಮೇಲೆ ಓಣಿಗೆಲ್ಲ ಕೇಳುವಂತೆ, "ಇದಕ್ಕ ದೇವಿ ಬಂದು ಹೋಗ್ಯಾಳಲ್ಲೋ" ಎಂದಳು.

ದೇವಿ ಎಂದರೆ ನಮ್ಮ ಕಡೆ ಸಿಡುಬು. ಅದನ್ನು ರೋಗ ಎನ್ನುತ್ತಿರಲಿಲ್ಲ, ದೇವಿ ಮನೆಗೆ ಬಂದಿದ್ದಾಳೆ ಎನ್ನುತ್ತಿದ್ದರು. ಅಕ್ಕನಿಗೆ ನಾಲ್ಕು ವರ್ಷವಿದ್ದಾಗ ಬಂದಿದ್ದಳು, ಮುಖದ ತುಂಬ ಗುರುತು ಬಿಟ್ಟು ಹೋಗಿದ್ದಳು. ನಾನು ಹುಟ್ಟಿದ್ದು ಅದಾದ ಮೇಲೆ, ಅಕ್ಕನ ಬೇರೆ ಮುಖ ನಾನು ಕಂಡಿಲ್ಲ. ದೇವಿ ಎಂಬ ಶಬ್ದವನ್ನು ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಶುಕ್ರವಾರ ಅವ್ವ ಗುಡಿಗೆ ಹೊರಟರೆ "ಗುಡಿಗೆ ಹೋಗಿ ಬರ್ತೇನಿ" ಎನ್ನುತ್ತಿದ್ದಳೇ ಹೊರತು ಯಾವ ಗುಡಿಗೆ ಎಂದು ಹೇಳುತ್ತಿರಲಿಲ್ಲ. ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದನ್ನು ಅಜ್ಜಿ ಒಂದೇ ಮಾತಿನಲ್ಲಿ ಬೀದಿಗೆ ಚೆಲ್ಲಿಬಿಟ್ಟಳು. ಎಲ್ಲರೂ ಕಾರು ಬಿಟ್ಟು ಅಕ್ಕನ ಮುಖ ನೋಡಿದರು. ಅಕ್ಕ ಮಾತ್ರ ನಕ್ಕು, "ಹಂಗಾದ್ರ ಇದು ನಮ್ಮನಿ ಕಾರ ಖರೇ" ಎಂದು ಆರತಿ ಎತ್ತಿದಳು. ಅಪ್ಪನ ಮುಖ ಕಾರಿಗಿಂತ ಕಪ್ಪಾಯಿತು.

ಕಾರು ಕಪ್ಪು ಬಣ್ಣದ್ದು. ಎಪ್ಪತ್ತರ ದಶಕದ ಕೊನೆಯ ಮಾತು. ಆಗ ಕಾರಿಗೆ ಹೆಸರು ಹಚ್ಚಿಸಿ ವರ್ಷಗಟ್ಟಲೆ ಕಾಯಬೇಕಿತ್ತು. ಅಪ್ಪ ವೀಳ್ಯದೆಲೆಯ ವ್ಯಾಪಾರಿ. ಸವಣೂರಿನ ಎಲೆಯ ಪೆಂಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ದೂರದೂರಿಗೆ ಕಳಿಸುತ್ತಿದ್ದವನು. ಒಂದು ಎಲೆಯ ಮೇಲೆ ಒಂದು ಚುಕ್ಕೆ ಇದ್ದರೂ ಎತ್ತಿ ಒಗೆಯುವ ಕೈ ಅದು. ಹುಬ್ಬಳ್ಳಿಯ ಅಂಗಡಿಯ ನೆರಳಿನಲ್ಲಿ ಕಾರು ಮಿರಿಮಿರಿ ಮಿಂಚಿತಂತೆ. ಅಪ್ಪ ಅದನ್ನು ಕಣ್ತುಂಬ ನೋಡಿ, ತಡಸ, ಶಿಗ್ಗಾವಿ ದಾಟಿ ಮನೆಗೆ ತಂದ. ಸವಣೂರಿನ ಬಿಸಿಲಿಗೆ ಬಂದು ನಿಂತಾಗ ಬಣ್ಣದ ಮೈ ಬೇರೆಯೇ ಕಂಡಿತು. ದೂರಕ್ಕೆ ಹೊಳಪು ಇತ್ತು. ಹತ್ತಿರ ಹೋದರೆ ಬಾನೆಟ್ಟಿನಿಂದ ಡಿಕ್ಕಿಯವರೆಗೆ ಸಣ್ಣ ಸಣ್ಣ ಗುಳಿ, ಸಣ್ಣ ಸಣ್ಣ ಉಬ್ಬು. ಹಿತ್ತಿಲಲ್ಲಿ ನಿಲ್ಲಿಸಿದಾಗ ಅಲ್ಲಿನ ಬೇವಿನ ಮರ ಅದರಲ್ಲಿ ಚೂರು ಚೂರಾಗಿ ಕಾಣುತ್ತಿತ್ತು. ಅಪ್ಪ ಮರುದಿನವೇ ಹುಬ್ಬಳ್ಳಿಗೆ ಹೋಗಿ ಕೇಳಿದ್ದಕ್ಕೆ, ಎಲ್ಲ ಕಾರುಗಳೂ ಹೀಗೇ ಬರುತ್ತವೆ, ಬೇಡವಾದರೆ ಬಿಟ್ಟು ಹೋಗಿ, ಹಿಂದೆ ಸಾಲು ನಿಂತಿದೆ ಎಂದರಂತೆ.

ಊರಿನ ಬಾಯಿಗೆ ಅಷ್ಟರಲ್ಲಿ ಸುಗ್ಗಿಯಾಗಿತ್ತು. ಬಂದವರೆಲ್ಲ ಕಾರನ್ನು ಒಮ್ಮೆ ಸವರಿ ನೋಡುವವರೇ. ಎಲೆಪೇಟೆಯಲ್ಲಿ ನಮ್ಮದಕ್ಕೆ ‘ದೇವಿ ಕಾರು’ ಎಂದು ಹೆಸರು ಬಿತ್ತು. ಮಗಳೂ ಕಾರೂ ಒಂದೇ ಅಚ್ಚಿನವು ಎಂದು ಯಾರೋ ನಕ್ಕದ್ದು ಅಪ್ಪನ ಕಿವಿಗೂ ಬಿತ್ತು. ಅವನು ಆ ದಿನ ಊಟ ಬಿಟ್ಟು ಎದ್ದ. ಕೊಟ್ಟ ರೊಕ್ಕಕ್ಕೆ ಸರಿಯಾದ ಮಾಲು ಬೇಕು, ಅದಕ್ಕೇ ಈ ಸಿಟ್ಟು ಎಂದು ನಮಗೆ ಹೇಳಿಕೊಂಡ. ಅದು ಸುಳ್ಳು. ಮಗಳ ಮುಖಕ್ಕೆ ಅವನ ಕೈಯಲ್ಲಿ ಏನೂ ಆಗಿರಲಿಲ್ಲ. ಕಾರಿಗಾದರೂ ಏನಾದರೂ ಮಾಡಬಹುದಿತ್ತು.

ಅದಕ್ಕೆ ಅವಸರವೂ ಇತ್ತು. ಹಿರೇಕೆರೂರಿನ ಒಂದು ಮನೆಯವರು ಅಕ್ಕನನ್ನು ನೋಡಲು ಬರುತ್ತೇವೆ ಎಂದಿದ್ದರು. ಅಕ್ಕನಿಗೆ ಇಪ್ಪತ್ತೈದು ನಡೆದಿತ್ತು. ಹಾನಗಲ್ಲಿನವರು ಬಂದು ಉಪ್ಪಿಟ್ಟು ತಿಂದು, ಹೇಳಿ ಕಳಿಸುತ್ತೇವೆ ಎಂದು ಹೋಗಿದ್ದರು. ಶಿಗ್ಗಾವಿಯವರು ಉಪ್ಪಿಟ್ಟಿನ ಜೊತೆ ಶಿರಾವನ್ನೂ ತಿಂದು ಹೋಗಿದ್ದರು. ಯಾರೂ ಹೇಳಿ ಕಳಿಸಲಿಲ್ಲ. ನಾನು ಆ ತಟ್ಟೆಗಳನ್ನು ತೊಳೆಯುತ್ತ ಅವರ ಹೊಟ್ಟೆಗೆ ಶಾಪ ಹಾಕುತ್ತಿದ್ದೆ. ಹಿರೇಕೆರೂರಿನವರು ಹಾಗಲ್ಲ ಎಂದು ಅವ್ವನಿಗೆ ನಂಬಿಕೆ. ಅಕ್ಕನ ಮುಖದ ವಿಷಯವನ್ನು ಅಪ್ಪ ಮೊದಲೇ ಹೇಳಿ ಕಳಿಸಿದ್ದ, ಆದರೂ ಬರುತ್ತೇವೆ ಎಂದಿದ್ದರು. ಬರೀ ಮುಖ ಕಟ್ಟಿಕೊಂಡು ಏನು ಮಾಡುವುದು ಎಂದು ಹುಡುಗನೇ ಅಂದನಂತೆ. ಆ ಮಾತನ್ನು ಮಧ್ಯಸ್ಥರು ತಂದು ಹೇಳಿದ ದಿನ ಅಕ್ಕ ರೊಟ್ಟಿ ಬಡಿಯುತ್ತ ಹಾಡಿಕೊಂಡದ್ದನ್ನು ನಾನು ಕೇಳಿದ್ದೇನೆ. ಇದೇ ಕೊನೆಯ ಸಂಬಂಧ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅವರನ್ನು ಕರೆತರಲು ಕಾರು ಕಳಿಸುವುದು ಎಂದು ಅಪ್ಪ ನಿಶ್ಚಯಿಸಿದ. ಕಳಿಸುವ ಮೊದಲು ಅದರ ಮೈ ನುಣ್ಣಗಾಗಬೇಕಿತ್ತು.

ಶಿಗ್ಗಾವಿಯಲ್ಲಿ ಹೆದ್ದಾರಿಯ ಪಕ್ಕ ಲಾರಿಗಳಿಗೆ ಬಣ್ಣ ಹೊಡೆಯುವವನೊಬ್ಬನಿದ್ದ. ಹುಲಗೂರಿನವನು, ಮಾತಿನ ಮಲ್ಲ. ಅಪ್ಪ ಅವನನ್ನು ಮನೆಗೇ ಕರೆಸಿದ. ಕಾರು ಹೆದ್ದಾರಿಯಲ್ಲಿ ನಿಂತರೆ ಹೋಗಿಬರುವ ಬಸ್ಸಿನವರೆಲ್ಲ ನೋಡುತ್ತಾರೆ ಎಂಬ ಸಂಕೋಚ. ಬಣ್ಣದವನು ಕಾರಿನ ಸುತ್ತ ಒಂದು ಸುತ್ತು ಬಂದು ಜೋರಾಗಿ ನಕ್ಕ. "ಇದು ದೇವೀನೂ ಅಲ್ಲ ದೆವ್ವಾನೂ ಅಲ್ರಿ. ಇದಕ್ಕ ಸಂತ್ರಿ ಸಿಪ್ಪಿ ಅಂತೀವಿ ನಾವು" ಎಂದ. ಬಣ್ಣ ದಪ್ಪಗೆ ಬಿದ್ದು, ಕೂಡಿಕೊಂಡು ಸಮನಾಗುವ ಮೊದಲೇ ಒಣಗಿಬಿಟ್ಟರೆ ಕಿತ್ತಳೆಯ ಸಿಪ್ಪೆಯ ಹಾಗೆ ನಿಲ್ಲುತ್ತದಂತೆ. ಗಾಳಿಯ ಒತ್ತಡ ಹೆಚ್ಚು ಕಡಿಮೆಯಾದರೂ, ಬಣ್ಣ ಚಿಮ್ಮುವ ಪಿಚಕಾರಿ ದೂರ ಹಿಡಿದರೂ ಹೀಗಾಗುತ್ತದಂತೆ. ನೀರಿನಲ್ಲಿ ನೆನೆಸಿದ ನಯವಾದ ಉಜ್ಜುಕಾಗದದಿಂದ ಉಬ್ಬುಗಳನ್ನು ಸವೆಸಿ ಗುಳಿಗಳ ಮಟ್ಟಕ್ಕೆ ತರಬೇಕು, ಆಮೇಲೆ ಮುಲಾಮು ಹಚ್ಚಿ ತಿಕ್ಕಿ ಹೊಳಪು ತರಬೇಕು. ಆದರೆ ಬಣ್ಣ ತೆಳುವಾಗುತ್ತದೆ, ಇನ್ನೊಮ್ಮೆ ಯೋಚನೆ ಮಾಡಿ ಎಂದೂ ಹೇಳಿದ. ಅಪ್ಪ ಯೋಚನೆ ಮಾಡುವ ಸ್ಥಿತಿಯಲ್ಲಿರಲಿಲ್ಲ.

ಅವ್ವ ಮಾತ್ರ ಹಿತ್ತಿಲ ಬಾಗಿಲಿಗೆ ಬಂದು ನಿಂತಳು. ಪರ ಗಂಡಸಿನ ಮುಂದೆ ಮಾತಾಡದವಳು ಅಂದು ಬಣ್ಣದವನಿಗೇ ನೇರವಾಗಿ, "ಕೆರೀಬ್ಯಾಡ್ರಿ. ಕೆರದ್ರ ಕಲಿ ಉಳೀತಾವ" ಎಂದಳು.

ಅವನಿಗೆ ತಿಳಿಯಲಿಲ್ಲ, ನಮಗೆ ತಿಳಿಯಿತು. ದೇವಿ ಬಂದ ಮನೆಯಲ್ಲಿ ಒಗ್ಗರಣೆ ಹಾಕುತ್ತಿರಲಿಲ್ಲ, ತಲೆ ಬಾಚುತ್ತಿರಲಿಲ್ಲ. ಬೇವಿನ ಸೊಪ್ಪು ಹಾಸಿ ಮಲಗಿಸಿ, ಮಗು ಕೆರೆದುಕೊಳ್ಳದಂತೆ ಎರಡೂ ಕೈಗಳಿಗೆ ಬಟ್ಟೆ ಸುತ್ತಿ ಕಟ್ಟುತ್ತಿದ್ದರು. ಅಕ್ಕನ ಕೈಗಳನ್ನೂ ಅವ್ವ ಕಟ್ಟಿದ್ದಳು. ಮಗು ಅತ್ತು ಅತ್ತು ದನಿ ಬಿದ್ದುಹೋದಾಗ ತಡೆಯಲಾರದೆ ಒಂದು ಮಧ್ಯಾಹ್ನ ಬಿಚ್ಚಿದಳು, ಮಗುವನ್ನು ತಬ್ಬಿಕೊಂಡು ಕುಳಿತಲ್ಲೇ ನಿದ್ದೆಹೋದಳು. ಎದ್ದು ನೋಡುವಷ್ಟರಲ್ಲಿ ಮುಖದ ತುಂಬ ರಕ್ತ. ಡಾಕ್ಟರರು ಎಷ್ಟೋ ಸಲ ಹೇಳಿದ್ದಾರೆ, ಕೆರೆಯದಿದ್ದರೂ ಕಲೆ ಬೀಳುತ್ತಿತ್ತು ಎಂದು. ಅವ್ವ ಅದನ್ನು ನಂಬಲಿಲ್ಲ. ಅಕ್ಕನ ಮುಖ ಹಾಗಾದದ್ದು ದೇವಿಯಿಂದಲ್ಲ, ತನ್ನ ನಿದ್ದೆಯಿಂದ ಎಂದೇ ಸಾಯುವವರೆಗೂ ತಿಳಿದಿದ್ದಳು.

ಅಪ್ಪ ಅವಳನ್ನು ಒಳಗೆ ಹೋಗೆಂದ. ಹಿತ್ತಿಲಿನಲ್ಲಿ ಕೆಲಸ ಶುರುವಾಯಿತು. ಉಜ್ಜುವಾಗ ನೀರು ಧಾರೆ ಕಡಿಯದಂತೆ ಬೀಳುತ್ತಲೇ ಇರಬೇಕು, ಒಣ ಕಾಗದ ಎಳೆದರೆ ಗೀರು ಬೀಳುತ್ತದೆ. ನೀರು ಹಾಕಲು ಯಾರಾದರೂ ಬೇಕು ಎಂದಾಗ ಅಕ್ಕ ತಂಬಿಗೆ ಹಿಡಿದು ನಿಂತಳು. ಬೇಡ ಎಂದರೆ ಕೇಳಲಿಲ್ಲ. ಬಣ್ಣದವನು ಕಟ್ಟಿಗೆಯ ತುಂಡಿಗೆ ಕಾಗದ ಸುತ್ತಿ, ಸಾಬೂನು ನೀರಿನಲ್ಲಿ ಅದ್ದಿ, ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಎಳೆಯುವನು. ಅಕ್ಕ ಅವನ ಕೈ ಹೋದಲ್ಲಿ ನೀರು ಬಿಡುವಳು. ಕಪ್ಪು ನೀರು ಹರಿದು ತುಳಸಿಕಟ್ಟೆಯವರೆಗೆ ಹೋಗುತ್ತಿತ್ತು. ಆಗಾಗ ಅವನು ನಿಲ್ಲಿಸಿ, ಬಟ್ಟೆಯಿಂದ ಒರೆಸಿ, ಓರೆಯಾಗಿ ಬಗ್ಗಿ ನೋಡುತ್ತಿದ್ದ. ಎಲ್ಲೆಲ್ಲಿ ಇನ್ನೂ ಹೊಳೆಯುವ ಚುಕ್ಕೆ ಕಾಣುತ್ತದೋ ಅಲ್ಲಿ ಗುಳಿ ಉಳಿದಿದೆ ಎಂದರ್ಥ. ಎರಡು ದಿನದಲ್ಲಿ ಅಕ್ಕನೂ ಹಾಗೆ ಬಗ್ಗಿ ನೋಡಿ, ಇಲ್ಲಿ ಉಳಿದಿದೆ, ಅಲ್ಲಿ ಉಳಿದಿದೆ ಎಂದು ತೋರಿಸತೊಡಗಿದಳು.

ಅಕ್ಕನಿಗೆ ನಗು ಬಹಳ. ನಮ್ಮ ಓಣಿಯ ಗೋಡೆಯ ಮೇಲೆ ಸರಕಾರದವರು, ಸಿಡುಬು ಎಲ್ಲಿದೆ ಎಂದು ತೋರಿಸಿಕೊಟ್ಟವರಿಗೆ ಬಹುಮಾನ ಎಂದು ಬರೆಸಿದ್ದರು. ಅದು ದೇಶದಿಂದಲೇ ಹೋಗಿಬಿಟ್ಟಿತ್ತು, ಬರಹ ಮಾತ್ರ ಉಳಿದಿತ್ತು. ನನ್ನನ್ನೂ ಈ ಕಾರನ್ನೂ ಕೂಡಿಯೇ ಒಯ್ದು ತೋರಿಸು, ಬಹುಮಾನ ಇಬ್ಬರೂ ಹಂಚಿಕೊಳ್ಳೋಣ ಎಂದು ನನಗೆ ಹೇಳಿ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ಆಕೆ ನಕ್ಕರೆ ಎಲ್ಲರಿಗೂ ಸಲೀಸಾಗುತ್ತಿತ್ತು, ಅದಕ್ಕೇ ನಗುತ್ತಿದ್ದಾಳೆ ಎಂದು ನನಗೆ ಆಗಲೇ ಅನಿಸುತ್ತಿತ್ತು.

ಉಜ್ಜಿ ಮುಗಿದಾಗ ಕಾರು ಮಕ್ಕಳು ಬರೆಯುವ ಪಾಟಿಗಲ್ಲಿನಂತೆ ಮಂಕಾಗಿ ನಿಂತಿತು. ಇದ್ದ ಹೊಳಪೂ ಹೋಯಿತೆಂದು ಅವ್ವ ಕಣ್ಣೊರೆಸಿಕೊಂಡಳು. ಹಿಂದಿನ ಬಾಗಿಲ ಅಂಚಿನಲ್ಲಿ ಒಂದು ಉಬ್ಬು ಉಳಿದಿದೆ ಎಂದು ಅಪ್ಪ ಪಟ್ಟು ಹಿಡಿದ. ಅಂಚಿನಲ್ಲಿ ಬಣ್ಣ ಮೊದಲೇ ತೆಳುವಿರುತ್ತದೆ, ಕೈ ಹಚ್ಚಬಾರದು ಎಂದು ಗೊತ್ತಿದ್ದೂ ಬಣ್ಣದವನು ಅಪ್ಪನ ಕಾಟಕ್ಕೆ ಇನ್ನೊಮ್ಮೆ ಎಳೆದ. ಕಪ್ಪು ಸೀಳಿ ಕೆಳಗಿನ ಬೂದುಬಣ್ಣ ಬೆರಳಗಲ ಕಾಣಿಸಿತು. ಒಳಗಿನಿಂದ ನೋಡುತ್ತಿದ್ದ ಅವ್ವ, "ನಾ ಹೇಳಿದ್ದಿಲ್ಲೇನು" ಎಂದಷ್ಟೇ ಅಂದಳು. ಅವನು ಅದಕ್ಕೆ ಕುಂಚದಿಂದ ಕಪ್ಪು ಹಚ್ಚಿ ಮುಚ್ಚಿದ. ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟು ಉಳಿಯಿತು.

ಆಮೇಲೆ ಮುಲಾಮು. ಹತ್ತಿಯ ಉಂಡೆಯಿಂದ ಸುತ್ತಿ ಸುತ್ತಿ ತಿಕ್ಕಿದಂತೆ ಕಪ್ಪು ಒಳಗಿನಿಂದ ಮೇಲೆದ್ದು ಬಂತು. ಬೇವಿನ ಮರ ಒಂದೊಂದು ಎಲೆಯಾಗಿ ಕಂಡಿತು. ನಮ್ಮ ಮನೆಯಲ್ಲಿ ಇದ್ದದ್ದು ಅಂಗೈಯಷ್ಟು ಕನ್ನಡಿ, ಅದನ್ನೂ ಅವ್ವ ಕತ್ತಲ ಗೋಡೆಗೆ ತೂಗುಹಾಕಿದ್ದಳು. ಕಾರು ಬಂದ ಹೊಸದರಲ್ಲಿ ಅಕ್ಕ ಅದರ ಬಾಗಿಲ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಿದ್ದಳು. ಆ ಗುಳಿಬಿದ್ದ ಬಣ್ಣದಲ್ಲಿ ಅವಳ ಮುಖ, ನನ್ನ ಮುಖ, ಅವ್ವನ ಮುಖ ಎಲ್ಲವೂ ಒಂದೇ ತರಹ ಒಡೆದು ಕಾಣುತ್ತಿದ್ದವು. ಈಗ ಬಿಸಿಲಿನಲ್ಲಿ ಬಾಗಿಲ ಮುಂದೆ ಬಗ್ಗಿದವಳು ಹಾಗೆಯೇ ನಿಂತಳು. ನಾನು ಪಕ್ಕದಲ್ಲಿದ್ದೆ. ನನ್ನ ಮುಖ ನಯವಾಗಿ, ಅವಳ ಮುಖ ಇದ್ದ ಹಾಗೆ, ಎರಡೂ ಒಟ್ಟಿಗೆ ಕಂಡವು. "ಈಗ ಎಲ್ಲಾ ಕಾಣಾಕತ್ತೇತಿ" ಎಂದು ಅವಳು ಸೆರಗು ಎಳೆದುಕೊಂಡು ಒಳಗೆ ಹೋದಳು. ಮರುದಿನದಿಂದ ಹಿತ್ತಿಲಿಗೆ ಬರಲಿಲ್ಲ.

ಹಿರೇಕೆರೂರಿನವರು ಕಾರಿನಲ್ಲೇ ಬಂದರು. ಹುಡುಗ, ಅವನ ತಂದೆ ತಾಯಿ, ತಂದೆಯ ಅಕ್ಕ. ಈ ಸೋದರತ್ತೆಯದೇ ಆ ಮನೆಯಲ್ಲಿ ಮಾತು ಎಂದು ಅವಳು ಕಾರಿನಿಂದ ಇಳಿದ ರೀತಿಯಲ್ಲೇ ತಿಳಿಯಿತು. ಅವಳು ಬಾಗಿಲನ್ನು ಸವರಿ ಬೆಣ್ಣೆಯ ಹಾಗಿದೆ ಎಂದಳು. ಅಷ್ಟೇ ಸಾಕಾಯಿತು ಅಪ್ಪನಿಗೆ. ಕಾರು ಹೇಗೆ ಬಂದಿತ್ತು, ಹೇಗೆ ಉಜ್ಜಿಸಿದ, ಹೇಗೆ ಹೊಳಪು ಬಂತು ಎಂದು ಪಡಸಾಲೆಯಲ್ಲಿ ಕೂತು ಅರ್ಧ ತಾಸು ಹೇಳಿದ. ಅಕ್ಕನನ್ನು ಕರೆತಂದು ಚಾಪೆಯ ಮೇಲೆ ಕೂಡಿಸಿದರು. ನಾನು ಉಪ್ಪಿಟ್ಟಿನ ತಟ್ಟೆಗಳನ್ನು ಹಿಡಿದು ಹಿಂದೆ ನಿಂತಿದ್ದೆ. ಹುಡುಗ ಅಕ್ಕನನ್ನು ನೋಡಿ ಮುಖ ತಿರುಗಿಸಲಿಲ್ಲ, ಅದನ್ನು ನಾನು ಕಣ್ಣಾರೆ ಕಂಡೆ. ಏನು ಓದಿದ್ದೀರಿ ಎಂದು ಮರ್ಯಾದೆಯಿಂದ ಕೇಳಿದ. ಅಕ್ಕ ಉತ್ತರ ಹೇಳುತ್ತಿದ್ದಾಗ ಸೋದರತ್ತೆ ಅಪ್ಪನ ಕಡೆ ತಿರುಗಿ, "ಕಾರಿಗಿ ಮಾಡಿಸಿದ್ದನ್ನ ಹುಡಿಗೀಗೂ ಒಂದೀಟು ಮಾಡಸ್ಬೇಕಿತ್ತಲ್ರಿ" ಎಂದಳು.

ಅಪ್ಪ ನಕ್ಕ. ಜೋರಾಗಿ ಅಲ್ಲ, ಹೆಣ್ಣು ಹೆತ್ತವರು ಗಂಡಿನ ಕಡೆಯವರ ಮಾತಿಗೆ ನಗುತ್ತಾರಲ್ಲ, ಹಾಗೆ. ಉಳಿದವರೂ ಅವನ ಜೊತೆ ನಕ್ಕರು. ನೋಡಲು ಬಂದವರ ಮುಂದೆ ಹುಡುಗಿ ತಲೆ ಎತ್ತಬಾರದು ಎಂಬುದು ಗೊತ್ತಿದ್ದೂ ಅಕ್ಕ ತಲೆ ಎತ್ತಿ ಅಪ್ಪನನ್ನು ನೋಡಿದಳು. ಅವಳ ಮುಖದಲ್ಲಿ ಆ ದಿನ ನಗು ಇರಲಿಲ್ಲ.

ಈ ಸಲ ಹೇಳಿ ಕಳಿಸಿದರು. ಸಂಬಂಧ ಒಪ್ಪಿಗೆಯಿದೆ, ದೊಡ್ಡವಳಲ್ಲ, ತಟ್ಟೆ ಹಿಡಿದು ಬಂದ ಸಣ್ಣವಳನ್ನು ಕೊಡಿ ಎಂದು. ಆ ತಟ್ಟೆ ಹಿಡಿದವಳು ನಾನು.

ನಾನು ಬೇಡವೆಂದೆ. ಕೋಣೆಯ ಅಗುಳಿ ಹಾಕಿಕೊಂಡೆ, ಊಟ ಬಿಟ್ಟೆ, ಅಪ್ಪನ ಎದುರಿಗೇ ಬಾಯಿಗೆ ಬಂದದ್ದು ಅಂದೆ. ಹತ್ತೊಂಬತ್ತು ವರ್ಷದವಳ ಮಾತಿಗೆ ಬೆಲೆ ಎಷ್ಟೋ ಅಷ್ಟೇ. ಅಪ್ಪನಿಗೂ ಸುಲಭವಾಗಿರಲಿಲ್ಲ ಎಂದು ಈಗ ಗೊತ್ತಾಗುತ್ತದೆ. ಆಗ ಅವನ ಮೇಲೆ ಬರೀ ಸಿಟ್ಟಿತ್ತು. ಬಂದ ಸಂಬಂಧ ಬಿಟ್ಟರೆ ಇಬ್ಬರೂ ಮದುವೆಯಾಗದೆ ಉಳಿಯುತ್ತಾರೆ ಎಂಬ ಹೆದರಿಕೆಯಲ್ಲಿ ಕೊನೆಗೆ ಅಕ್ಕನನ್ನೇ ಕೂಡಿಸಿಕೊಂಡು ಕೇಳಿದ, ಏನು ಮಾಡೋಣ ಎಂದು. ಬಾಗಿಲ ಹಿಂದೆ ನಿಂತು ನಾನು ಕೇಳಿದೆ. ಅಕ್ಕ, "ಅಪ್ಪಾ, ಅವತ್ತು ನೀ ಯಾಕ ನಕ್ಕಿ?" ಎಂದಳು.

ಅಪ್ಪ ಕೈಯಲ್ಲಿದ್ದ ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದ, ಎಲೆಯ ಅಂಚು ದಾಟಿ ಬೆರಳಿಗೆ ಹಚ್ಚಿಕೊಂಡ. ಅಕ್ಕ ಎದ್ದು, ತಂಗಿಯನ್ನು ಕೊಡು ಎಂದು ಹೇಳಿ ನೀರು ತರಲು ಹೋದಳು. ನನ್ನನ್ನು ಒಪ್ಪಿಸಿದವಳೂ ಅವಳೇ. ನೀನು ಮನೆಯಲ್ಲಿ ಉಳಿದರೆ ಅದೂ ನನ್ನ ಮುಖದ ಲೆಕ್ಕಕ್ಕೇ ಬರುತ್ತದೆ, ಅಷ್ಟನ್ನು ನನ್ನ ಮೇಲೆ ಹೊರಿಸಬೇಡ ಎಂದಳು. ಆ ರಾತ್ರಿ ನಾನು ಊಟಕ್ಕೆ ಕುಳಿತೆ.

ನನ್ನ ಗಂಡ ಒಳ್ಳೆಯ ಮನುಷ್ಯ. ಆ ಮನೆಯಲ್ಲಿ ಅವನ ಮಾತು ನಡೆಯುತ್ತಿರಲಿಲ್ಲ, ಅಷ್ಟೇ ಅವನ ತಪ್ಪು. ಅಕ್ಕನ ಮುಖ ನೋಡಿ ಹಿಂಜರಿಯಲಿಲ್ಲ ಎಂದೇ ನಾನು ಅವನನ್ನು ಮೊದಲು ಮೆಚ್ಚಿಕೊಂಡದ್ದು. ಅವನು ಕೆಟ್ಟವನಾಗಿದ್ದರೆ ನನಗೆ ಇಷ್ಟು ದುಃಖವಾಗುತ್ತಿರಲಿಲ್ಲ. ಅವನು ಜ್ವರದಲ್ಲಿ ನನ್ನ ತಲೆ ಒತ್ತಿದಾಗ, ಸಂತೆಯಿಂದ ನೆನಪಿಟ್ಟು ಹೂ ತಂದಾಗ, ಇದು ಅವಳಿಗೆ ಸಲ್ಲಬೇಕಾದದ್ದು ಎಂದು ಒಳಗೆ ಕುಟುಕುತ್ತದೆ. ಅಕ್ಕನನ್ನು ನೋಡಲು ಆಮೇಲೆ ಯಾರೂ ಬರಲಿಲ್ಲ.

ಮದುವೆ ಸವಣೂರಿನ ನಮ್ಮ ಮನೆಯ ಮುಂದಿನ ಹಂದರದಲ್ಲೇ ಆಯಿತು. ಅಕ್ಕಿಕಾಳು ಬೀಳುವ ಹೊತ್ತಿಗೆ ಮದುವೆಯಾಗದ ಹಿರಿಯಳು ಎದುರಿಗೆ ನಿಲ್ಲುವುದು ಬೇಡ ಎಂದು ಸೋದರತ್ತೆ ಅವ್ವನ ಕಿವಿಯಲ್ಲಿ ಹೇಳಿದಳಂತೆ. ಅವ್ವ ಅದನ್ನು ಅಕ್ಕನಿಗೆ ಹೇಗೆ ಹೇಳುವುದೆಂದು ಒದ್ದಾಡಿ ಹುಡುಕಿದರೆ ಅಕ್ಕ ಎಲ್ಲಿಯೂ ಇರಲಿಲ್ಲ. ನನ್ನ ಮುಡಿಗೆ ಹೂ ಕಟ್ಟಿ, ದಂಡೆ ಸರಿಮಾಡಿ, ಹಂದರದವರೆಗೆ ಕೈಹಿಡಿದು ತಂದು ಬಿಟ್ಟು ಹೋದವಳು ಮತ್ತೆ ಕಾಣಲಿಲ್ಲ. ತಲೆಯ ಮೇಲೆ ಅಕ್ಕಿಕಾಳು ಬೀಳುತ್ತಿದ್ದರೆ ನನ್ನ ಕಣ್ಣು ಮಂದಿಯಲ್ಲಿ ಅವಳನ್ನೇ ಅರಸುತ್ತಿತ್ತು. ಊಟ ಮುಗಿಯಿತು, ಉಡಿ ತುಂಬಿದರು, ಹೊರಡುವ ಹೊತ್ತಾಯಿತು, ಆದರೂ ಅವಳಿಲ್ಲ.

ಹಿರೇಕೆರೂರಿಗೆ ನಮ್ಮನ್ನು ಬಿಟ್ಟುಬರಲು ಅಪ್ಪನ ಕಾರು ಬೀದಿಯ ತುದಿಯಲ್ಲಿ ನಿಂತಿತ್ತು, ಹೂವಿನ ಸರಗಳನ್ನು ಇಳಿಬಿಟ್ಟಿದ್ದರು. ಎಲ್ಲರಿಗಿಂತ ಮುಂದೆ ನಡೆದು ನಾನೇ ಹಿಂದಿನ ಬಾಗಿಲು ತೆಗೆದೆ. ಕಿಟಕಿಯ ಗಾಜುಗಳನ್ನೆಲ್ಲ ಏರಿಸಿಕೊಂಡು ಅಕ್ಕ ಆ ಸೆಕೆಯಲ್ಲಿ ಒಳಗೆ ಕುಳಿತಿದ್ದಳು. ಮೈಯೆಲ್ಲ ಬೆವರಿ ಹೊಸ ಸೀರೆ ಬೆನ್ನಿಗೆ ಅಂಟಿತ್ತು. ಎಷ್ಟು ಹೊತ್ತಿನಿಂದ ಇದ್ದಳೋ. ನನ್ನನ್ನು ನೋಡಿ ಅವಸರದಿಂದ ಆಚೆ ಬದಿಗೆ ಸರಿದಳು, ಕುಳಿತಿದ್ದ ಜಾಗವನ್ನು ಸೆರಗಿನಿಂದ ಒರೆಸಿದಳು.

"ಬಾ, ನಿನ್ನ ಜಾಗಾ ಹಿಡದು ಕುಂತಿದ್ನಿ" ಎಂದಳು.

ಆಚೆಯ ಬಾಗಿಲಿನಿಂದ ಇಳಿದು ಹೋದಳು. ಹಿಂದಿನಿಂದ ಬಂದವರು ಹತ್ತು ಹತ್ತು ಎಂದು ಅವಸರ ಮಾಡುತ್ತಿದ್ದರು. ಆ ಜಾಗ ಅವಳದು. ನಾನು ಹತ್ತಿ ಅಲ್ಲಿ ಕುಳಿತೆ.